ಹೊಲದ ಉತಾರದಲ್ಲಿ ಅಕ್ಕ-ತಂಗಿಯರ ಹೆಸರು
(ತರುಣ ಮಂಡಳಗಳಿಗಾಗಿ ಒಂದು ಪಾಠ)



ನಮ್ಮ ಅಥಣಿ ಭಾಗದಲ್ಲಿ ಹೆಣ್ಣುಮಕ್ಕಳ ಕೈ ತಾಗದ ಬೆಳೆ ಯಾವುದಿದೆ? ಕಬ್ಬು ನೆಡುವುದು, ಜೋಳದ ಕಳೆ ತೆಗೆಯುವುದು, ದ್ರಾಕ್ಷಿ ಬಿಡಿಸುವುದು, ಎಮ್ಮೆ ಹಿಂಡುವುದು, ಎಲ್ಲದರಲ್ಲಿಯೂ ಅವರ ದುಡಿಮೆ ಇದೆ. ಆದರೆ ಹೊಲದ ಉತಾರ ತೆಗೆದು ನೋಡಿದರೆ ಅವರ ಹೆಸರು ಅಪರೂಪ. 2015-16ರ ಕೃಷಿ ಗಣತಿಯ ಪ್ರಕಾರ ನಮ್ಮ ದೇಶದ ಹಿಡುವಳಿದಾರರಲ್ಲಿ ನೂರಕ್ಕೆ ಸುಮಾರು 14 ಮಂದಿ ಮಾತ್ರ ಹೆಂಗಸರು.

ಉತಾರದಲ್ಲಿ ಹೆಸರಿಲ್ಲದಿದ್ದರೆ ನಷ್ಟವೇನು? ಸೊಸೈಟಿಯವರು ಬೆಳೆಸಾಲ ಕೊಡುವಾಗ ಉತಾರ ನೋಡುತ್ತಾರೆ. ಬೆಳೆಹಾನಿಯ ಪರಿಹಾರವೂ ಉತಾರದಲ್ಲಿ ಹೆಸರಿದ್ದವರಿಗೇ ಸೇರುತ್ತದೆ. ಗಂಡ ತೀರಿಕೊಂಡ ಅಥವಾ ಗಂಡ ಬಿಟ್ಟ ತಂಗಿಯೊಬ್ಬಳು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದರೆ, ಅವಳು ಹಕ್ಕುದಾರಳಾಗಿ ಬರುವುದಿಲ್ಲ, ಅಣ್ಣ-ಅತ್ತಿಗೆಯರ ಹಂಗಿನಲ್ಲಿ ಬರುತ್ತಾಳೆ. ಅದೇ ಹೊಲದಲ್ಲಿ ಅವಳು ಬಾಲ್ಯದಿಂದಲೂ ದುಡಿದಿರುತ್ತಾಳೆ.

ಕಾಯ್ದೆ ಏನು ಹೇಳುತ್ತದೆ?

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದ, ತಂದೆ ಸ್ವಂತ ಗಳಿಸಿದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಬಂದಿತು. ಲಿಂಗಾಯತರಿಗೂ ಜೈನರಿಗೂ ಇದೇ ಕಾಯ್ದೆ. ಆದರೆ ಹಿರಿಯರಿಂದ ಬಂದ ಒಟ್ಟು ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳಿಗೆ ಮಾತ್ರ ಉಳಿಯಿತು. ನಮ್ಮ ಕರ್ನಾಟಕವು 1994ರ ಜುಲೈ 30ರಿಂದ ಆ ಹಕ್ಕನ್ನು ಹೆಣ್ಣುಮಕ್ಕಳಿಗೂ ಕೊಟ್ಟಿತು; ಆದರೆ ಅದಕ್ಕೂ ಮೊದಲು ಮದುವೆಯಾದವರು ಹೊರಗುಳಿದರು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಆ ದಿನ ತಂದೆ ಬದುಕಿರಲಿ, ಬಿಡಲಿ, ಮಗಳಿಗೆ ಹುಟ್ಟಿನಿಂದಲೇ ಹಕ್ಕುಂಟು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ತೀರ್ಪು ಕೊಟ್ಟಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯಾದ ವಾಟ್ನಿ ಪತ್ರವನ್ನು ಮಾತ್ರ ಈಗ ಕೆದಕಲು ಬರುವುದಿಲ್ಲ. ಆಗಲೇ ಕೋರ್ಟಿನಲ್ಲಿ ತೀರ್ಮಾನವಾದ ಪಾಲಿಗೂ ಇದೇ ಮಾತು. ಮುಸ್ಲಿಮರಿಗೆ ಮತ್ತು ಪರಿಶಿಷ್ಟ ಪಂಗಡದವರಿಗೆ ಬೇರೆ ನಿಯಮಗಳಿವೆ. ಅವರು ವಕೀಲರಿಂದ ತಿಳಿದುಕೊಳ್ಳಬೇಕು.

ಒಂದು ಲೆಕ್ಕ ನೋಡೋಣ. ತಂದೆ ತಾನೇ ಕೊಂಡ 5 ಎಕರೆ ಹೊಲವಿದೆ. ಮೃತ್ಯುಪತ್ರ ಬರೆಯದೆ ಆತ ತೀರಿಕೊಂಡ. ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ಆತನ ತಾಯಿ ಮೊದಲೇ ತೀರಿದ್ದಾಳೆ. ಐವರಿಗೂ ತಲಾ ಒಂದು ಎಕರೆ. ಅವ್ವನ ಪಾಲು ಇದರಲ್ಲಿ ಸೇರಿದೆ ಎಂಬುದನ್ನು ಗಮನಿಸಿರಿ.

ಹಿರಿಯರ ಮಾತಿಗೆ ಉತ್ತರ

"ಮದುವೆಗೆ ಖರ್ಚು ಮಾಡೇವಲ್ಲ, ಇನ್ನೇನು ಪಾಲು?" ಎಂದು ಕೇಳುವವರುಂಟು. ಮಗನ ಮದುವೆಗೂ ಖರ್ಚು ಮಾಡುತ್ತೇವೆ. ಅದನ್ನು ಅವನ ಪಾಲಿನಲ್ಲಿ ಮುರಿದುಕೊಳ್ಳುವುದಿಲ್ಲ. ವರದಕ್ಷಿಣೆಯಂತೂ 1961ರ ಕಾಯ್ದೆಯಿಂದ ಅಪರಾಧ.

"ಹೊಲ ತುಂಡಾಗುತ್ತದೆ" ಎಂಬುದು ಎರಡನೆಯ ಮಾತು. ನಾಲ್ವರು ಗಂಡುಮಕ್ಕಳಿದ್ದರೂ ಹೊಲ ತುಂಡಾಗುತ್ತದೆ. ಆಗ ಯಾರೂ ನಾಲ್ಕನೆಯವನಿಗೆ ಪಾಲು ಬೇಡವೆನ್ನುವುದಿಲ್ಲ. ಉತಾರದಲ್ಲಿ ಎಲ್ಲರ ಹೆಸರು ಇಟ್ಟು ಹೊಲವನ್ನು ಒಟ್ಟಾಗಿಯೇ ಸಾಗಿಸಿ, ಬಂದ ಫಲವನ್ನು ಹಂಚಿಕೊಳ್ಳಬಹುದು. ತಂಗಿ ಒಪ್ಪಿದರೆ ಸರಿಯಾದ ಬೆಲೆ ಕೊಟ್ಟು ಅವಳ ಪಾಲನ್ನು ಪಡೆಯಬಹುದು.

"ತವರಿನ ನಂಟು ಕಡಿದೀತು" ಎಂಬುದು ಮೂರನೆಯ ಮಾತು. ಇದೇ ಹೆಣ್ಣುಮಕ್ಕಳನ್ನು ಹೆಚ್ಚು ಕಟ್ಟಿಹಾಕುವ ಮಾತು. ಪಂಚಮಿಗೆ ಕರೆಯಲು ಬರುವ ಅಣ್ಣ ಮುಂದೆ ಬಾರದೆ ಹೋದಾನೆಂಬ ಅಂಜಿಕೆಯಿಂದಲೇ ಎಷ್ಟೋ ಅಕ್ಕ-ತಂಗಿಯರು ಸೀರೆ-ಕುಬಸ ತೆಗೆದುಕೊಂಡು ಹಕ್ಕು ಬಿಟ್ಟ ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ. ಆ ಪತ್ರ ಒಮ್ಮೆ ನೋಂದಣಿಯಾದರೆ ಹಕ್ಕನ್ನು ತಿರುಗಿ ಪಡೆಯುವುದು ಬಹಳ ಕಷ್ಟ.

ತರುಣರು ಮಾಡಬೇಕಾದುದು

ಈ ಅಂಜಿಕೆಯಿಂದಾಗಿ ತಂಗಿ ತಾನಾಗಿ ಬಾಯಿ ತೆರೆಯಲಾರಳು. ಆದ್ದರಿಂದ ಮೊದಲ ಮಾತು ಅಣ್ಣ-ತಮ್ಮಂದಿರಿಂದ ಬರಬೇಕು. ಇದು ನಮ್ಮ ನಾಡಿಗೆ ಹೊಸದಲ್ಲ. ನೆರೆಯ ವಿಜಯಪುರ ಜಿಲ್ಲೆಯ ಬಾಗೇವಾಡಿಯ ಬಾಲಕ ಬಸವಣ್ಣನವರು, ಅಕ್ಕ ನಾಗಮ್ಮನಿಗೆ ಇಲ್ಲದ ಜನಿವಾರ ತಮಗೂ ಬೇಡವೆಂದು ಮನೆಯ ಹಿರಿಯರೆದುರು ನುಡಿದರೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ವೇದಿಕೆಯ ಮೇಲೆ ಸಮಾನತೆಯ ಭಾಷಣ ಮಾಡುವುದು ಸುಲಭ. ತನ್ನ ಪಾಲು ಕಡಿಮೆಯಾಗುವ ಕಡೆ ಅದನ್ನು ಆಡುವುದು ಕಷ್ಟ. ಅಂಥ ಮಾತಿಗೇ ಬೆಲೆ.

ಕೆಲಸದ ಕ್ರಮ ಹೀಗಿರಲಿ:

1. ನಿಮ್ಮ ಮನೆಯ ಹೊಲದ ಉತಾರ ತೆಗೆಸಿ, ಅಪ್ಪ-ಅವ್ವ, ಅಕ್ಕ-ತಂಗಿಯರೆದುರು ಓದಿರಿ. ಯಾವುದು ಹಿರಿಯರಿಂದ ಬಂದುದು, ಯಾವುದು ಸ್ವಂತ ಗಳಿಕೆ ಎಂದು ಕೇಳಿ ಬರೆದಿಡಿರಿ.

2. ಮನೆಯ ಯಜಮಾನರು ತೀರಿಕೊಂಡಾಗ ವಾರಸಾ ಅರ್ಜಿಯನ್ನು ನಾಡಕಚೇರಿಗೆ ಕೊಡುವ ಮೊದಲು ವಂಶಾವಳಿಯನ್ನು ಪರೀಕ್ಷಿಸಿರಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ಬಿಡುವುದು ಅಲ್ಲಿಯೇ. ಬಿಟ್ಟಿದ್ದರೆ, ನೋಟೀಸಿನಲ್ಲಿ ಹೇಳಿದ ದಿನದೊಳಗೆ ತಕರಾರು ಕೊಡಿಸಿರಿ. ಹೆಸರು ಬಿಟ್ಟುಹೋದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಆದರೆ ಆಮೇಲೆ ತಿದ್ದಿಸಲು ಕೋರ್ಟು-ಕಚೇರಿ ಅಲೆಯಬೇಕಾದೀತು.

3. ಓದಿ ತಿಳಿಸದೆ ಯಾವ ಕಾಗದಕ್ಕೂ ಅವ್ವನಿಂದಾಗಲಿ ತಂಗಿಯಿಂದಾಗಲಿ ಸಹಿ ಹಾಕಿಸಬೇಡಿರಿ.

4. ಹೆಂಗಸರಿಗೆ ಅವರ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಉಂಟು. ಅದಕ್ಕಾಗಿ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬೇಕು. ನಮ್ಮೂರಲ್ಲಿ ಒಂದು ತಿಳುವಳಿಕೆ ಶಿಬಿರ ನಡೆಸಿರೆಂದು ತರುಣ-ತರುಣಿಯರು ಕೂಡಿ ಗ್ರಾಮಸಭೆಯಲ್ಲಿ ಕೇಳಿರಿ.

ಹೊಲದ ಬದುವಿನ ವಿಷಯದಲ್ಲಿ ಒಂದು ಗೇಣು ಅನ್ಯಾಯವಾದರೂ ನಾವು ಸುಮ್ಮನಿರುವವರಲ್ಲ. ಒಡಹುಟ್ಟಿದವಳ ಪಾಲಿನ ವಿಷಯದಲ್ಲಿಯೂ ಅದೇ ನ್ಯಾಯ ನಡೆಯಲಿ. ಈ ಸಲದ ಪಂಚಮಿಗೆ ತಂಗಿಯನ್ನು ಕರೆಯಲು ಹೋಗುವ ತರುಣರು, ಮನೆಯ ಉತಾರವನ್ನು ಒಮ್ಮೆ ತೆಗೆಸಿ ನೋಡಿಕೊಂಡು ಹೋಗಲಿ.

– ಗ್ರಾಮಸೇವಕ, ಐಗಳಿ