ಟ್ವಿಟರ್ ಪ್ರಕರಣ ಮತ್ತು 69ಎ ಕಲಂ

‘ನಮ್ಮ ಪೋಸ್ಟ್ ಮಾತ್ರ ತೆಗೆದರು’ ಎಂಬ ದೂರು ಸಿರವಾರದಿಂದ ಬೆಂಗಳೂರಿನವರೆಗೆ ಎಲ್ಲ ಪಕ್ಷದವರದೂ. ಸಾಮಾಜಿಕ ಜಾಲತಾಣದ ಕಂಪನಿ ತಾನಾಗಿ ತೆಗೆದರೆ ವಾಕ್ ಸ್ವಾತಂತ್ರ್ಯ ನೀಡುವ ಸಂವಿಧಾನದ 19(1)(ಎ) ವಿಧಿ ನೆರವಿಗೆ ಬರುವುದು ಕಷ್ಟ. ಅದು ಮುಖ್ಯವಾಗಿ ಪ್ರಭುತ್ವದ ವಿರುದ್ಧದ ಹಕ್ಕು. ಸರ್ಕಾರವೇ ತಡೆಯಲು ಹೇಳಿದರೆ? ಆಗ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 69ಎ ಕಲಂ ಅನ್ವಯಿಸುತ್ತದೆ. ಇದರಡಿಯ ಆದೇಶಗಳನ್ನು ಟ್ವಿಟರ್ 2022ರಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿತು: ಖಾತೆದಾರರಿಗೆ ನೋಟಿಸ್ ಇಲ್ಲ, ಇಡೀ ಖಾತೆ ಮುಚ್ಚಿಸುವುದು ಅತಿಯಾಯಿತು ಎಂಬುದು ವಾದ. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅರ್ಜಿ ವಜಾ ಮಾಡಿ 50 ಲಕ್ಷ ರೂ. ದಂಡ ವಿಧಿಸಿದರು. 69ಎ ಅಡಿಯ 2009ರ ತಡೆ ನಿಯಮಗಳ 16ನೇ ನಿಯಮ ಇಂಥ ಆದೇಶಗಳನ್ನು ಗೋಪ್ಯವಾಗಿಡುತ್ತದೆ. ಯಾರ ಮಾತಿಗೆ ಎಷ್ಟು ಕತ್ತರಿ ಬಿತ್ತೆಂದು ಕಾಣದಿದ್ದರೆ ಸಮಾನತೆ ಅಳೆಯುವುದು ಹೇಗೆ? ಮೊದಲು ಬದಲಾಗಬೇಕಾದ್ದು ಈ ನಿಯಮವೇ. ಇದೇ ಕಾಯ್ದೆಯ 66ಎ ಕಲಂ ರದ್ದುಪಡಿಸಿ 69ಎ ಉಳಿಸಿದ ಸುಪ್ರೀಂ ಕೋರ್ಟಿನ ಶ್ರೇಯಾ ಸಿಂಘಲ್ ತೀರ್ಪನ್ನೂ (2015) ಇಲ್ಲಿ ಮರೆಯಬಾರದು.