ವಿತರಣೆಯ ಕಾವಲು

ತುಂಗಭದ್ರಾ ಎಡದಂಡೆಯ ಕಾಲುವೆಯು ಮುನಿರಾಬಾದಿನ ಬಳಿ ಜಲಾಶಯವನ್ನು ಬಿಟ್ಟು, ಗಂಗಾವತಿ, ಸಿಂಧನೂರುಗಳ ಗದ್ದೆಗಳನ್ನು ತಣಿಸಿ, ಕಟ್ಟಕಡೆಗೆ ಮಾನ್ವಿ, ರಾಯಚೂರು ತಾಲೂಕುಗಳನ್ನು ಮುಟ್ಟುತ್ತದೆ. ಕಾಲುವೆಯ ಕೊನೆಭಾಗದ ರೈತನಿಗೆ ಒಂದು ಸಂಗತಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತನ್ನ ಹೊಲಕ್ಕೆ ಬರುವ ನೀರು ತನ್ನ ಕೈಯಲ್ಲಿಲ್ಲ. ಮೇಲ್ಭಾಗದಲ್ಲಿ ತೂಬನ್ನು ಯಾರು ತೆರೆದರು, ಹೂಳನ್ನು ಯಾರು ತೆಗೆಯದೆ ಬಿಟ್ಟರು, ಏರಿಯಲ್ಲಿ ಬಿರುಕು ಬಿಟ್ಟುದನ್ನು ಯಾರು ಕಂಡರು, ಯಾರು ಕಾಣಲಿಲ್ಲ ಎಂಬುದನ್ನು ಅವನ ಬೆಳೆ ಅವಲಂಬಿಸಿದೆ.

ಗಣಕಯಂತ್ರದ ಲೋಕದಲ್ಲಿಯೂ ಇಂತಹುದೇ ಒಂದು ಏರ್ಪಾಡಿದೆ. ವಿಶೇಷವೆಂದರೆ ಅಲ್ಲಿಯ ಜನರು ಬಳಸುವ ಮಾತುಗಳೂ ನದಿ ಕಾಲುವೆಗಳವೇ. ತಂತ್ರಾಂಶವು ಹುಟ್ಟುವ ಸ್ಥಳವನ್ನು ಅವರು ಮೇಲ್ಹರಿವು ಎನ್ನುತ್ತಾರೆ. ಅದನ್ನು ಪಡೆದು ಬಳಕೆದಾರರಿಗೆ ಮುಟ್ಟಿಸುವವರನ್ನು ಕೆಳಹರಿವು ಎನ್ನುತ್ತಾರೆ. ಮುಟ್ಟಿಸುವ ಸಿದ್ಧಸಂಗ್ರಹಕ್ಕೆ ‘ವಿತರಣೆ’ ಎಂದು ಹೆಸರು.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆದು ಎಲ್ಲರಿಗೂ ತೆರೆದಿಟ್ಟ ಲಿನಕ್ಸ್ ಎಂಬುದು ನಿಜವಾಗಿ ಒಂದು ತಿರುಳು ಮಾತ್ರ. ಇಂದು ಕುರ್ಡಿಯ ರೈತನೊಬ್ಬನು ಕಿಸೆಯಲ್ಲಿಟ್ಟುಕೊಂಡು ಸಂತೆಗೆ ಹೋಗುವ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಅದೇ ತಿರುಳು. ಆದರೆ ತಿರುಳಿನಿಂದಷ್ಟೇ ಗಣಕ ನಡೆಯದು. ಅಕ್ಷರ ಬರೆಯಲು, ಚಿತ್ರ ನೋಡಲು, ಕಡತಗಳನ್ನು ಒತ್ತಿ ಕಿರಿದುಮಾಡಲು, ಗುಟ್ಟನ್ನು ಗುಟ್ಟಾಗಿಡಲು ಸಾವಿರಾರು ಬೇರೆ ತಂತ್ರಾಂಶಗಳು ಬೇಕು. ಅವುಗಳನ್ನು ಬರೆದವರು ಲೋಕದ ಮೂಲೆಮೂಲೆಗಳಲ್ಲಿ ಚದುರಿಹೋಗಿರುವ ಜನ. ಅವೆಲ್ಲವನ್ನು ಕೂಡಿಸಿ, ಒಂದಕ್ಕೊಂದು ಹೊಂದಿಸಿ ಕೊಡುವುದು ವಿತರಣೆಯ ಕೆಲಸ. ಇಂತಹ ವಿತರಣೆಗಳಲ್ಲಿ ಡೆಬಿಯನ್ ಎಂಬುದು ಹಿರಿಯದು. 1993ರ ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಅದನ್ನು ಆರಂಭಿಸಿದರು. ಅದು ಯಾವ ಕಂಪನಿಯ ಸೊತ್ತೂ ಅಲ್ಲ. ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರ ಸಮುದಾಯವೇ ಅದನ್ನು ನಡೆಸುತ್ತದೆ. 2023ರಲ್ಲಿ ಹೊರಬಂದ ಅದರ 12ನೆಯ ಆವೃತ್ತಿಯಲ್ಲಿ 64,000ಕ್ಕೂ ಹೆಚ್ಚು ಪೊಟ್ಟಣಗಳಿದ್ದವು.

ಪ್ರತಿಯೊಂದು ಪೊಟ್ಟಣಕ್ಕೂ ಒಬ್ಬ ಪಾಲಕನೋ ಪಾಲಕರ ಬಳಗವೋ ಇರಬೇಕೆಂಬುದು ಅಲ್ಲಿಯ ಕಟ್ಟಳೆ. ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರವಿನ್ಯಾಸಗಳೂ ಈ ಸಂಗ್ರಹದಲ್ಲಿವೆ. ಅವನ್ನೂ ಯಾರೋ ನೋಡಿಕೊಳ್ಳುತ್ತಲೇ ಇರಬೇಕು. ಪಾಲಕನು ಬಿಟ್ಟುಹೋದ ಪೊಟ್ಟಣವನ್ನು ‘ಅನಾಥ’ವೆಂದು ಬಹಿರಂಗವಾಗಿ ಸಾರುತ್ತಾರೆ, ಬೇರೊಬ್ಬರು ಅದನ್ನು ‘ದತ್ತು’ ಪಡೆಯಬಹುದು. ಯಾರೂ ಬಾರದೆ, ದೋಷಗಳೂ ತುಂಬಿಕೊಂಡರೆ, ಅದನ್ನು ವಿತರಣೆಯಿಂದಲೇ ತೆಗೆದುಹಾಕುತ್ತಾರೆ. ಕೂಡಿಸುವುದಕ್ಕಿಂತ ಕೈಬಿಡುವ ತೀರ್ಮಾನವೇ ಕಠಿಣವಾದುದು. ಆದರೂ ನೋಡುವವರಿಲ್ಲದ ಒಡ್ಡನ್ನು ಇದೆಯೆಂದು ನಂಬಿಕೊಂಡಿರುವುದಕ್ಕಿಂತ ಅದಿಲ್ಲವೆಂದು ತಿಳಿದಿರುವುದು ಮೇಲು.

ಪಾಲನೆ ಎಂದರೆ ಕೆಟ್ಟದ್ದನ್ನು ಸರಿಪಡಿಸುವುದು ಎಂದಷ್ಟೇ ತಿಳಿಯುವವರು 2006ರಲ್ಲಿ ನಡೆದುದನ್ನು ಗಮನಿಸಬೇಕು. ದೂರದ ಎರಡು ಗಣಕಗಳು ಗುಟ್ಟಾಗಿ ಮಾತನಾಡಿಕೊಳ್ಳಲು ಬೀಗದ ಕೈ ಬೇಕು. ಇಲ್ಲಿ ಬೀಗದ ಕೈ ಎಂದರೆ ಯಾರ ಊಹೆಗೂ ಸಿಗದ ಬಹುದೊಡ್ಡ ಸಂಖ್ಯೆ. ಅಂತಹ ಸಂಖ್ಯೆಗಳನ್ನು ಹುಟ್ಟಿಸುವ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್. ದೋಷಗಳನ್ನು ಹುಡುಕುವ ಸಾಧನವೊಂದು ಅದರ ಎರಡು ಸಾಲುಗಳ ಮೇಲೆ ಬೆರಳಿಟ್ಟು ತೋರಿಸಿತು. ಡೆಬಿಯನ್ನಿನ ಪಾಲಕರು ಮೇಲ್ಹರಿವಿನವರನ್ನು ವಿಚಾರಿಸಿದರು; ಅಲ್ಲಿಂದ ಖಚಿತವಾದ ತಡೆಯೇನೂ ಬರಲಿಲ್ಲ; ಸಾಲುಗಳನ್ನು ತೆಗೆದುಹಾಕಿದರು. ಸಾಧನದ ಗೊಣಗಾಟ ನಿಂತಿತು. ಆದರೆ ಸಂಖ್ಯೆಗಳ ಅನಿಶ್ಚಿತತೆಗೆ ಆಧಾರವಾಗಿದ್ದುದೂ ಆ ಸಾಲುಗಳೇ! ಅಲ್ಲಿಂದ ಮುಂದೆ ಡೆಬಿಯನ್ ಗಣಕಗಳಲ್ಲಿ ಹುಟ್ಟುವ ಒಂದೊಂದು ಬಗೆಯ ಬೀಗದ ಕೈಯೂ ಬರಿಯ 32,768 ಸಂಖ್ಯೆಗಳೊಳಗಿನ ಒಂದಾಗಿಬಿಟ್ಟಿತು. ಅಷ್ಟನ್ನು ಒಂದೊಂದಾಗಿ ತಿರುವಿ ನೋಡುವುದು ಗಣಕಕ್ಕೆ ಅಲ್ಪ ಕಾಲದ ಕೆಲಸ.

ಸುಮಾರು ಎರಡು ವರ್ಷ ಇದು ಯಾರ ಕಣ್ಣಿಗೂ ಬೀಳಲಿಲ್ಲ. ಲೂಸಿಯಾನೊ ಬೆಲ್ಲೊ ಎಂಬ ಡೆಬಿಯನ್ ಕಾರ್ಯಕರ್ತರು ಇದನ್ನು ಕಂಡುಹಿಡಿದರು. 2008ರ ಮೇ 13ರಂದು ಡೆಬಿಯನ್ ತನ್ನ ತಪ್ಪನ್ನು ಲೋಕಕ್ಕೆಲ್ಲ ಪ್ರಕಟಿಸಿತು. ತಂತ್ರಾಂಶವನ್ನು ತಿದ್ದಿದರೆ ಸಾಲದಾಯಿತು. ದೋಷವಿದ್ದ ಕಾಲದಲ್ಲಿ ಹುಟ್ಟಿದ ಬೀಗದ ಕೈಗಳನ್ನೆಲ್ಲ ಎಸೆದು ಹೊಸವನ್ನು ಮಾಡಿಕೊಳ್ಳಬೇಕಾಯಿತು. ಡೆಬಿಯನ್ನಿನಿಂದ ಹರಿದು ಬಂದ ಉಬುಂಟು ಮುಂತಾದ ವಿತರಣೆಗಳೂ ಇದರಿಂದ ಹೊರತಾಗಲಿಲ್ಲ. ಇಲ್ಲಿ ಕಳ್ಳನಾರೂ ಇರಲಿಲ್ಲ. ಒಳ್ಳೆಯ ಮನಸ್ಸಿನ ದುರಸ್ತಿಯೇ ಗೋಡೆಯನ್ನು ಕೆಡವಿತ್ತು.

ಈ ಕಾರಣದಿಂದಲೇ ಡೆಬಿಯನ್ನಿನಲ್ಲಿ ‘ಸ್ಥಿರ’ ಎಂಬ ಆವೃತ್ತಿಯೊಂದನ್ನು ಬೇರೆಯಾಗಿ ಕಾಪಾಡುತ್ತಾರೆ. ಹೊಸ ತಂತ್ರಾಂಶ ಮೊದಲು ‘ಅಸ್ಥಿರ’ ಎಂಬ ಅಂಗಳಕ್ಕೆ ಬರುತ್ತದೆ, ಅಲ್ಲಿಂದ ‘ಪರೀಕ್ಷಾರ್ಥ’ಕ್ಕೆ ದಾಟುತ್ತದೆ, ಸುಮಾರು ಎರಡು ವರ್ಷಗಳಿಗೊಮ್ಮೆ ಅದನ್ನು ಹೆಪ್ಪುಗಟ್ಟಿಸಿ ‘ಸ್ಥಿರ’ವೆಂದು ಬಿಡುಗಡೆ ಮಾಡುತ್ತಾರೆ. ಬಳಿಕ ಸ್ಥಿರದಲ್ಲಿ ರಕ್ಷಣೆಯ ದೋಷ ಕಂಡರೆ ಸಾಮಾನ್ಯವಾಗಿ ಹೊಸ ಆವೃತ್ತಿಯನ್ನು ತಂದು ಸುರಿಯುವುದಿಲ್ಲ. ಹೊಸ ಆವೃತ್ತಿಯಲ್ಲಿ ಆ ದೋಷದ ಪರಿಹಾರವೆಷ್ಟೋ ಅಷ್ಟನ್ನು ಮಾತ್ರ ಕತ್ತರಿಸಿ ತಂದು ಹಳೆಯದಕ್ಕೆ ಹೊಲಿಯುತ್ತಾರೆ. ಇದು ತಾಳ್ಮೆ ಬೇಡುವ ಕೆಲಸ, ಹೊಗಳಿಕೆಯಂತೂ ಇದಕ್ಕಿಲ್ಲ. ಹಳೆಯ ಸಂಖ್ಯೆಯನ್ನು ಕಂಡು ‘ಇದು ಹಿಂದುಳಿದ ವಿತರಣೆ’ ಎಂದು ಮೂಗು ಮುರಿಯುವವರೂ ಉಂಟು. ಆದರೆ ಹೊಸತೆಂಬ ಒಂದೇ ಕಾರಣಕ್ಕೆ ಯಾವುದೂ ಕ್ಷೇಮಕರವಲ್ಲ.

ಅದರ ನಿದರ್ಶನ 2024ರಲ್ಲಿ ದೊರೆಯಿತು. ಎಕ್ಸ್‌ಝಡ್ ಎಂಬುದು ಕಡತಗಳನ್ನು ಒತ್ತಿ ಕಿರಿದುಮಾಡುವ ಒಂದು ಸಣ್ಣ ತಂತ್ರಾಂಶ. ಲಾಸೆ ಕಾಲಿನ್ ಎಂಬವರು ಹಲವು ವರ್ಷ ಅದನ್ನು ಹೆಚ್ಚುಕಡಿಮೆ ಒಬ್ಬರೇ, ಬಿಡುವಿನ ವೇಳೆಯಲ್ಲಿ ನೋಡಿಕೊಂಡಿದ್ದರು. ಕೆಲಸ ನಿಧಾನವಾಯಿತೆಂದು ಅಪರಿಚಿತರು ಅವರ ಮೇಲೆ ಒತ್ತಡ ತಂದರು. ಅದೇ ಕಾಲದಲ್ಲಿ ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಒಬ್ಬ ಸಹಾಯಕ ಬಂದನು. ಎರಡು ವರ್ಷಕ್ಕೂ ಮೇಲ್ಪಟ್ಟು ಅಚ್ಚುಕಟ್ಟಾಗಿ ದುಡಿದು ನಂಬಿಕೆ ಗಳಿಸಿ, ಸಹಪಾಲಕನಾಗಿ, ಕಡೆಗೆ 5.6.0 ಮತ್ತು 5.6.1 ಎಂಬ ಆವೃತ್ತಿಗಳಲ್ಲಿ ಒಂದು ಕಳ್ಳಬಾಗಿಲನ್ನು ಇರಿಸಿದನು. ಅದು ತೆರೆದುಕೊಂಡಿದ್ದರೆ ದೂರದ ಗಣಕಗಳನ್ನು ಪ್ರವೇಶಿಸಲು ಬಳಸುವ ಓಪನ್‌ಎಸ್‌ಎಸ್‌ಎಚ್ ಮೂಲಕ ಅನ್ಯರು ಒಳನುಗ್ಗಬಹುದಾಗಿತ್ತು. ಇಲ್ಲೊಂದು ಸೂಕ್ಷ್ಮವಿದೆ. ಮೇಲ್ಹರಿವಿನ ಓಪನ್‌ಎಸ್‌ಎಸ್‌ಎಚ್‌ಗೆ ಎಕ್ಸ್‌ಝಡ್‌ನ ಹಂಗೇ ಇಲ್ಲ. ಕೆಲವು ವಿತರಣೆಗಳವರು ಮತ್ತೊಂದು ಅನುಕೂಲಕ್ಕಾಗಿ ತಾವೇ ಹಾಕಿದ ತೇಪೆಯ ದಾರಿಯಿಂದ ಅವೆರಡಕ್ಕೂ ನಂಟು ಬೆಳೆದಿತ್ತು.

ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ತಮ್ಮ ಡೆಬಿಯನ್ ‘ಅಸ್ಥಿರ’ ಗಣಕದಲ್ಲಿ ಪ್ರವೇಶಕ್ಕೆ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯೆಂದು ಗಮನಿಸಿದರು. ಅರ್ಧ ಸೆಕೆಂಡನ್ನು ಯಾರು ಲೆಕ್ಕಿಸುತ್ತಾರೆ? ಅವರು ಲೆಕ್ಕಿಸಿದರು, ಬೆನ್ನುಹತ್ತಿದರು, ಆ ವರ್ಷದ ಮಾರ್ಚ್ 29ರಂದು ಕಳ್ಳಬಾಗಿಲನ್ನು ಬಯಲು ಮಾಡಿದರು. ವಿಷಯುಕ್ತ ಆವೃತ್ತಿ ಇನ್ನೂ ‘ಸ್ಥಿರ’ಕ್ಕೆ ಮುಟ್ಟಿರಲಿಲ್ಲ. ಡೆಬಿಯನ್ನಿನವರು ಒಡನೆಯೇ ಹಳೆಯ 5.4.5ಕ್ಕೆ ಮರಳಿದರು. ಆವೃತ್ತಿಯ ಸಂಖ್ಯೆ ಹಿಂದಕ್ಕೆ ಸರಿಯಲಾಗದ ಕಾರಣ ಆ ಪೊಟ್ಟಣಕ್ಕೆ ‘5.6.1, ನಿಜವಾಗಿ 5.4.5’ ಎಂಬರ್ಥದ ಹೆಸರಿಟ್ಟರು. ಸಂಕಟದ ನಡುವೆಯೂ ಸುಳ್ಳು ಹೇಳದ ಹೆಸರು!

ಅದೇ ವರ್ಷದ ಆಗಸ್ಟ್ 10ರ ರಾತ್ರಿ, ತುಂಬಿ ನಿಂತಿದ್ದ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಫಲಕಗಳನ್ನು ಇಳಿಸಿ, ಸುಮಾರು ಒಂದು ವಾರದಲ್ಲಿ ಅದನ್ನು ತಡೆದರು. ಅಷ್ಟರಲ್ಲಿ ಅಪಾರ ನೀರು ಹರಿದುಹೋಗಿತ್ತು. ಒಂದು ಸರಪಳಿಯ ಕೊಂಡಿಯೂ, ಒಬ್ಬನೇ ನೋಡಿಕೊಳ್ಳುತ್ತಿದ್ದ ಒಂದು ಸಣ್ಣ ತಂತ್ರಾಂಶವೂ ಎಷ್ಟು ಜನರ ಭಾರ ಹೊತ್ತಿರುತ್ತವೆಂಬುದು ಅವು ಕೆಡುವವರೆಗೆ ತಿಳಿಯುವುದಿಲ್ಲ.

ಡೆಬಿಯನ್ನಿನಿಂದ 2004ರಲ್ಲಿ ಕವಲೊಡೆದ ಉಬುಂಟುವಿನ ಕೆಳಹರಿವಿನಲ್ಲಿ ಕನ್ನಡದ ಮಕ್ಕಳೂ ಇದ್ದಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳು ಕೇರಳ ಸರಕಾರದ ಶಾಲಾವ್ಯವಸ್ಥೆಗೆ ಸೇರಿದವು. ಆ ರಾಜ್ಯದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಆರಂಭವಾಗಿ, 2017ರಿಂದ ಕೈಟ್ ಎಂದು ಹೆಸರಾದ ಸಂಸ್ಥೆಯು ಶಾಲೆಗಳಿಗೆಂದೇ ಲಿನಕ್ಸ್ ವಿತರಣೆಯನ್ನು ಸಿದ್ಧಪಡಿಸುತ್ತದೆ. ಮೊದಲು ಅದಕ್ಕೆ ಡೆಬಿಯನ್ ಆಧಾರವಾಗಿತ್ತು, ಅನಂತರ ಉಬುಂಟು ಆಯಿತು. ಪಾಠಕ್ಕೆ ಬೇಕಾದ ತಂತ್ರಾಂಶಗಳನ್ನು ಆಯ್ದು ಸೇರಿಸುವುದು ಅದರ ಒಂದು ಮುಖ. ಮಕ್ಕಳಿಗೆ ಕಾಣದ ಇನ್ನೊಂದು ಮುಖವಿದೆ: ಆಧಾರವಾದ ಆವೃತ್ತಿಗೆ ಮೇಲ್ಹರಿವಿನ ರಕ್ಷಣೆ ಎಷ್ಟು ದಿನ ಬರುತ್ತದೆ ಎಂಬ ಲೆಕ್ಕ. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಸಾಮಾನ್ಯ ರಕ್ಷಣೆ ಐದು ವರ್ಷ. 18.04ರ ಅವಧಿ 2023ರಲ್ಲಿ ತೀರಿತು; 22.04ನ್ನು ಆಧರಿಸಿದ ಕೈಟ್ ವಿತರಣೆ 2024ರಲ್ಲಿ ಹೊರಬಂದಿತು. ಅದರ ಆಧಾರದ ಅವಧಿ 2027ರಲ್ಲಿ ಮುಗಿಯುತ್ತದೆ. ಶಾಲೆಯ ಹಳೆಯ ಯಂತ್ರಗಳು ಮುಂದಿನ ಆವೃತ್ತಿಯ ಭಾರವನ್ನು ತಾಳುವವೇ, ಪಠ್ಯದ ತಂತ್ರಾಂಶಗಳು ಅದರಲ್ಲಿ ನಡೆಯುವವೇ, ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುವವೇ ಎಂದು ಅಷ್ಟರೊಳಗೆ ಯಾರಾದರೂ ಕುಳಿತು ಒಂದೊಂದನ್ನೇ ನೋಡಬೇಕಾಗುತ್ತದೆ.