ಮರಾಠಿ ಬರಬೇಕಂದ್ರ: ಅನಂತಪುರದವರಿಗೆ ಮೊದಲ ಪಾಠ

ಅಥಣಿ ಸೀಮೆಯ ನಮ್ಮ ಅನಂತಪುರದಲ್ಲಿ ಕಾಯಿಲೆ ದೊಡ್ಡದಾದರೆ ಗಡಿಯಾಚೆಯ ಮಿರಜಿಗೆ ಹೋಗುತ್ತೇವೆ, ಒಣದ್ರಾಕ್ಷಿ ಮಾರಲು ಸಾಂಗ್ಲಿಗೆ. ಒಮ್ಮೆ ನಮ್ಮಜ್ಜಿಯನ್ನು ಮಿರಜಿನ ದವಾಖಾನೆಗೆ ಕರೆದೊಯ್ದಿದ್ದೆವು. ಡಾಕ್ಟರು ಹೊಟ್ಟೆ ಒತ್ತಿ ನೋಡುತ್ತ "ದುಖತಂ ಕಾ?" ಎಂದರು. ಅಜ್ಜಿ, "ಇಲ್ಲೋ ಯಪ್ಪಾ, ದುಃಖ ಏನಿಲ್ಲ, ಮಕ್ಕಳು ಛಲೋ ನೋಡಕೋತಾರ" ಎಂದಳು. ಅವರು ಕೇಳಿದ್ದು ನೋವಾಗುತ್ತದೆಯೇ ಎಂದು. ಪಕ್ಕದಲ್ಲೇ ನಿಂತಿದ್ದ ನನಗೂ ಅದು ತಿಳಿಯಲಿಲ್ಲ. ಆ ವಾರವೇ ಮರಾಠಿ ಕಲಿಯಲು ಕೂತೆ. ಹಾಗೆ ಕಲಿತ ದಾರಿ ಇದು.

ಹಂತ 1: ಬಾಯಲ್ಲಿ ಈಗಾಗಲೇ ಇರುವುದನ್ನು ಬರೆದಿಡಿ

ಒಂದು ವಹಿ ತಗೊಳ್ಳಿ. ಬಾಜಾರ, ದವಾಖಾನಿ, ಉಸಾಬರಿ, ಭಾಕರಿ ಇವೆಲ್ಲ ಅತ್ತಲೂ ಇವೆ. ನಮ್ಮ ತುಪ್ಪ ಅಲ್ಲಿ 'ತೂಪ', ನಮ್ಮ ಅಡಕತ್ತರಿ ಅಲ್ಲಿ 'ಅಡಕಿತ್ತಾ'. ಅಣ್ಣಾ, ಅಕ್ಕಾ ಕೂಡ ನಮ್ಮಿಂದಲೇ ಹೋದವು. ಹಿಂದಿನ ಪುಟದಲ್ಲಿ ಮೋಸ ಮಾಡುವ ಪದಗಳಿರಲಿ. 'ದುಖತಂ' ಮೊದಲನೆಯದು. 'ಅವಘಡ' ಎಂದರೆ ಮರಾಠಿಯಲ್ಲಿ ಕಠಿಣ, ಅಪಘಾತವಲ್ಲ.

ಹಂತ 2: ವಾಕ್ಯ ಹಾಗೇ ಇರಲಿ, ಪದ ಮಾತ್ರ ಬದಲಿಸಿ

ಇದು ಗಡಿಯವರಿಗೆ ಸಿಕ್ಕ ದೊಡ್ಡ ಆಸ್ತಿ. "ನಾ ಬಾಜಾರಕ್ಕ ಹೋಗಿ ಕಾಯಿಪಲ್ಯ ತಗೊಂಡು ಬರತೇನಿ" ಎಂಬುದನ್ನು ಒಂದೊಂದೇ ಪದವಾಗಿ ಬದಲಿಸುತ್ತ ಹೋಗಿ: "ಮೀ ಬಾಜಾರಾತ ಜಾಊನ ಭಾಜೀ ಘೇಊನ ಯೇತೋ." ಪದಗಳ ಸಾಲು ಒಂದಿಷ್ಟೂ ಕದಲಲಿಲ್ಲ. ನಮಗೆ ಭಾಷೆ 'ಬರುತ್ತದೆ', ಅವರಿಗೂ ಬರುತ್ತದೆ: ನನಗ ಮರಾಠಿ ಬರತೈತಿ, ಮಲಾ ಮರಾಠೀ ಯೇತೇ.

ಇದು ನನ್ನ ಕಲ್ಪನೆಯಲ್ಲ. ಸಾಂಗ್ಲಿ ಬಳಿಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ಶತಮಾನಗಳಿಂದ ಒಂದೇ ಓಣಿಯಲ್ಲಿ ಬಾಳಿವೆ. ಅಲ್ಲಿನ ಮಾತು ಕೇಳಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಬರೆದ ಲೇಖನ ಭಾಷಾವಿಜ್ಞಾನಿಗಳಲ್ಲಿ ಬಲು ಹೆಸರಾಯಿತು. ಮೂರರ ಪದಗಳು ಬೇರೆಬೇರೆ, ವಾಕ್ಯದ ಹಂದರ ಮಾತ್ರ ಹೆಚ್ಚುಕಡಿಮೆ ಒಂದೇ ಎಂದು ಅವರು ತೋರಿಸಿದರು.

ಹಂತ 3: ತಿಳಿಯುವ ಮಾತನ್ನೇ ಕೇಳಿ

ಅಮೆರಿಕದ ಭಾಷಾವಿಜ್ಞಾನಿ ಸ್ಟೀಫನ್ ಕ್ರಾಶೆನ್ ಹೇಳಿದ್ದು ಇಷ್ಟು: ನಮಗೆ ತಿಳಿಯುವುದಕ್ಕಿಂತ ತುಸುವೇ ಮುಂದಿರುವ ಮಾತು ಕಿವಿಗೆ ಬಿದ್ದಾಗ ಭಾಷೆ ಒಳಗಿಳಿಯುತ್ತದೆ. ಮೊದಲ ದಿನವೇ ಮರಾಠಿ ವಾರ್ತೆ ಹಚ್ಚಿ ಕೂತರೆ ಬರೀ ಸದ್ದು. ಎಸ್.ಟಿ. ಕಂಡಕ್ಟರ್‌ ಮಾತು ಕೇಳಿ, ಭಾಜೀ ಮಾರುವ ಮಾವಶಿಯ ಮಾತು ಕೇಳಿ. ಅಲ್ಲಿ ಕೈಯೂ ತಕ್ಕಡಿಯೂ ಅರ್ಥ ಹೇಳುತ್ತವೆ.

'ಚ'ಕ್ಕೆ ಕಿವಿ ಕೊಡಿ. 'ಚಾರ' (ನಾಲ್ಕು) ನಮ್ಮ ಚ. 'ಚಾಂಗಲಾ' (ಒಳ್ಳೆಯ) ಎನ್ನುವಾಗ ನಾಲಗೆ ಹಲ್ಲಿಗೆ ತಾಗಿ 'ತ್ಸಾಂಗಲಾ' ಎಂದಾಗುತ್ತದೆ. ಬರವಣಿಗೆಯಲ್ಲಿ ಎರಡೂ ಒಂದೇ ಅಕ್ಷರ.

ಹಂತ 4: ಕನ್ನಡದಲ್ಲಿ ಉತ್ತರ ಬಂದರೂ ಮರಾಠಿ ಬಿಡಬೇಡಿ

ಮಿರಜಿನ ಅಂಗಡಿಯವ ನಿಮ್ಮ ತಡವರಿಕೆ ಕೇಳಿ ಪ್ರೀತಿಯಿಂದ ಕನ್ನಡಕ್ಕೆ ಹೊರಳುತ್ತಾನೆ. ಹೆಚ್ಚಿನವರ ಕಲಿಕೆ ನಿಲ್ಲುವುದೇ ಇಲ್ಲಿ. ಕೆನಡಾದಲ್ಲಿ ಶಾಲೆಯ ಪಾಠಗಳನ್ನು ಫ್ರೆಂಚಿನಲ್ಲಿ ಕೇಳಿದ ಇಂಗ್ಲಿಷ್ ಮಕ್ಕಳು ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಿದ್ದರು, ಆಡುವಾಗ ಮಾತ್ರ ತಪ್ಪುತ್ತಿದ್ದರು. ಅದನ್ನು ನೋಡಿ ಭಾಷಾವಿಜ್ಞಾನಿ ಮೆರಿಲ್ ಸ್ವೇನ್ 1985ರಲ್ಲಿ, ಕೇಳಿದರಷ್ಟೇ ಸಾಲದು, ಆಡಬೇಕು ಎಂದರು. "ಮರಾಠೀತಚ ಬೋಲಾ, ಮೀ ಶಿಕತೋಯ" ಎನ್ನಿ. ಹೆಣ್ಣುಮಕ್ಕಳು "ಶಿಕತೇಯ" ಎನ್ನಬೇಕು. ನಾ ಹೀಗಂದಾಗ ಬೇಸರ ಮಾಡಿಕೊಂಡವರು ಒಬ್ಬರೂ ಇಲ್ಲ.

ಹಂತ 5: ಲೆಕ್ಕ ಬಾಯಿಪಾಠ ಮಾಡಿ

ಬೇರೆ ದಾರಿಯಿಲ್ಲ. ನಮ್ಮ ಇಪ್ಪತ್ತೈದು, ಇಪ್ಪತ್ತಾರು ತಾವಾಗಿ ಸಾಗುತ್ತವೆ. ಅವರದು ಪಂಚವೀಸ, ಸವ್ವೀಸ. 59 ಎಂದರೆ ಏಕೋಣಸಾಠ, ಅರವತ್ತಕ್ಕೆ ಒಂದು ಕಮ್ಮಿ. 150 ದೀಡಶೇ ('ದೀಡ ಪಂಡಿತ' ನೆನೆಯಿರಿ), 250 ಅಡೀಚಶೇ. ದಿನಕ್ಕೆ ಐದು ಸಾಕು. ಕಲಿತದ್ದು ಮೊದಲ ದಿನವೇ ಹೆಚ್ಚು ಮರೆಯುತ್ತದೆಂದು ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ಪ್ರಯೋಗ ಮಾಡಿ ತೋರಿಸಿದ್ದ. ಅದೇ ಸಂಜೆ, ಮರುದಿನ, ಮತ್ತೆ ವಾರದ ಮೇಲೆ ಹೇಳಿ ನೋಡಿ.

ಹಂತ 6: ಲಿಂಗ ಕೊನೆಗೆ

ನಮ್ಮಲ್ಲಿ ಮಾವು, ರೊಟ್ಟಿ, ಪುಸ್ತಕ ಎಲ್ಲವೂ 'ಅದು'. ಮರಾಠಿಯಲ್ಲಿ ಆಂಬಾ ಗಂಡು, ಭಾಕರೀ ಹೆಣ್ಣು, ಪುಸ್ತಕ ನಪುಂಸಕ. ಕ್ರಿಯಾಪದವೂ ಅವುಗಳ ಬೆನ್ನು ಹತ್ತುತ್ತದೆ. ಮೀ ಆಂಬಾ ಖಾಲ್ಲಾ, ಮೀ ಭಾಕರೀ ಖಾಲ್ಲೀ, ಮೀ ಪುಸ್ತಕ ವಾಚಲಂ. ವಹಿಯಲ್ಲಿ ಪದದ ಮುಂದೆ ತೋ, ತೀ, ತೇ ಎಂದು ಬರೆದುಕೊಳ್ಳಿ. ತಪ್ಪಿದರೆ ನಾಚಬೇಡಿ. ಕುಪವಾಡದ ಮರಾಠಿಯೇ ಕನ್ನಡದ ಸಂಗಡ ಬಾಳಿ, ಮನುಷ್ಯರನ್ನು ಬಿಟ್ಟು ಉಳಿದೆಲ್ಲವನ್ನೂ 'ಅದು' ಎನ್ನತೊಡಗಿತ್ತು.

ಇಷ್ಟಾದ ಮೇಲೆ ಮಿರಜಿನ ಯಾವುದಾದರೂ ವಾರ್ಡಿನಲ್ಲಿ ಪಕ್ಕದ ಹಾಸಿಗೆಯ ಅಜ್ಜಿ "ದುಖತಂ ಕಾ?" ಕೇಳಿ ತಬ್ಬಿಬ್ಬಾದರೆ, ಹತ್ತಿರ ಹೋಗಿ ಹೇಳಿ: "ಯಮ್ಮಾ, ನೋವೈತೇನ ಅಂತ ಕೇಳಾಕತ್ತಾರ."